ಕೆಲಸ ಎಂದು ಕೇಳಿದ್ದು

ನನ್ನದು ಫೋನು ಮಾಡುವ ನೌಕರಿಯಾಗಿತ್ತು. ಶಹಾಪುರದ ತರಬೇತಿ ಕೇಂದ್ರವೊಂದರಲ್ಲಿ ಹೆಚ್ಚುಕಡಿಮೆ ಮೂರು ವರ್ಷ ಆ ಕುರ್ಚಿಯಲ್ಲಿ ಕೂತೆ. ಕೆಲಸವಿಲ್ಲದ ಹೆಣ್ಣುಮಕ್ಕಳಿಗೆ ಮೂರು ತಿಂಗಳು ರೋಗಿಗಳ ಆರೈಕೆ ಕಲಿಸಿ, ಪ್ರಮಾಣಪತ್ರ ಕೊಟ್ಟು ಕಳಿಸುವ ಕೇಂದ್ರ ಅದು. ಕಲಿತು ಹೋದವರಿಗೆ ಮತ್ತೆ ಮೂರು ತಿಂಗಳಾದ ಮೇಲೆ ನಾನು ಒಬ್ಬೊಬ್ಬರಿಗೂ ಫೋನು ಹಚ್ಚಬೇಕು, ಉದ್ಯೋಗ ಸಿಕ್ಕಿತೇ ಎಂದು ಕೇಳಬೇಕು, ಉತ್ತರವನ್ನು ಕಂಪ್ಯೂಟರಿನಲ್ಲಿ ತುಂಬಬೇಕು.

ಕೆಲಸವಿಲ್ಲದ ಹೆಣ್ಣುಮಕ್ಕಳು ಎಂದು ಬರೆದೆ. ಅದು ತಪ್ಪು. ಕೆಲಸವಿಲ್ಲದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಅವರಿಗೆ ಇಲ್ಲದ್ದು ನೌಕರಿ. ಈ ಎರಡು ಮಾತುಗಳ ನಡುವೆ ನಾನು ಏನು ಮಾಡಿದೆ ಎಂಬುದನ್ನೇ ಇಲ್ಲಿ ಹೇಳಬೇಕಾಗಿದೆ.

ಫಾರ್ಮಿನಲ್ಲಿ ಅಚ್ಚಾಗಿದ್ದ ಪ್ರಶ್ನೆ ಹೀಗಿತ್ತು: ‘ತಾವು ಪ್ರಸ್ತುತ ಉದ್ಯೋಗದಲ್ಲಿದ್ದೀರಾ?’ ಮೊದಲ ವಾರ ಅದನ್ನು ಇದ್ದ ಹಾಗೆಯೇ ಓದಿದೆ. ಒಬ್ಬಾಕೆ, “ಖಾತ್ರಿದೇನ್ರಿ? ನಮ್ಮೂರಾಗ ಇನ್ನಾ ಚಾಲೂ ಆಗಿಲ್ರಿ. ಕಾರ್ಡ್ ಮಾತ್ರ ಅದ” ಎಂದಳು. ಉದ್ಯೋಗ ಎಂಬ ಶಬ್ದ ಹಳ್ಳಿಯ ಕಿವಿಗೆ ಬಿದ್ದಿದ್ದು ಉದ್ಯೋಗ ಖಾತ್ರಿಯ ಜೊತೆಗೇ. ಇನ್ನೊಬ್ಬಳ ಫೋನನ್ನು ಅವಳ ಅಜ್ಜಿ ಎತ್ತಿದಳು. “ನಿನಗ ಬ್ಯಾರೆ ಉದ್ಯೋಗ ಇಲ್ಲೇನಬೇ? ಹಾಡೇ ಹಗಲ ಫೋನ್ ಹಚಗೊಂಡು ಕುಂತೀದಿ!” ಎಂದು ಬೈದು ಇಟ್ಟುಬಿಟ್ಟಳು. ಕೇಂದ್ರದಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ.

ಎರಡನೆಯ ವಾರ ನಾನೇ ಶಬ್ದ ಬದಲಿಸಿದೆ. “ನೌಕರಿ ಸಿಕ್ಕದೇನವಾ?” ಎಂದು ಕೇಳತೊಡಗಿದೆ. ಆಗ ಎಲ್ಲರಿಗೂ ತಿಳಿಯಿತು. ಉತ್ತರವೂ ತಟ್ಟನೆ ಬಂತು. “ಎಲ್ಲಿ ನೌಕರಿ ಅಕ್ಕೋರ?” ಈ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ, ನಾನು ಏನೂ ಕಲಿಸದಿದ್ದರೂ ನನ್ನನ್ನೂ ಹಾಗೇ ಕರೆಯುತ್ತಿದ್ದರು. “ನೀವ ಕೊಡ್ತೀನಂದ್ರ ಹೇಳ್ರಿ, ನಾಳೀನ ಬಸ್ ಹತ್ತತೀನಿ.” ಇಲ್ಲ, ಇಲ್ಲ, ಇಲ್ಲ ಎಂದು ತುಂಬುತ್ತ ಹೋದೆ. ಕಂಪ್ಯೂಟರಿನಲ್ಲಿ ‘ಇಲ್ಲ’ ಎಂದು ಒತ್ತಿದರೆ ಆ ಸಾಲು ಕೆಂಪಾಗುತ್ತಿತ್ತು.

ಕೇಂದ್ರದ ಮುಖ್ಯಸ್ಥರು ದಿನಾ ಯಾದಗಿರಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಬಸ್ಸು ತಡವಾದ ದಿನ ನಮಗೆಲ್ಲ ಚಹಾ ಹೇಳಿ, ತಡವಾಗಿದ್ದಕ್ಕೆ ಕ್ಷಮೆ ಕೇಳುವಂಥವರು. ಅವರು ನನ್ನ ಹಿಂದೆ ನಿಂತು ಕೆಂಪು ಸಾಲುಗಳನ್ನು ನೋಡಿದರು. “ಹಿಂಗಾದ್ರ ಮ್ಯಾಲಿನ ಕಚೇರಿಯವರು ಮುಂದಿನ ತಂಡ ನಮಗ ಕೊಡಂಗಿಲ್ರಿ. ಸೆಂಟರ್ ಬಂದ್ ಆಗತದ” ಎಂದರು. ಅಷ್ಟೇ ಹೇಳಿದರು. ಸುಳ್ಳು ಬರೆಯಿರಿ ಎನ್ನಲಿಲ್ಲ. ಇದನ್ನು ನಾನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಎಷ್ಟೋ ಸಲ ಮನಸ್ಸಿನಲ್ಲಿಯೇ ಅವರ ಮೇಲೆ ಹಾಕಲು ನೋಡಿದ್ದೇನೆ.

ಕೇಂದ್ರ ಮುಚ್ಚಿದರೆ ನಾನು ವಡಗೇರಾದ ಮನೆಗೆ ವಾಪಸು ಹೋಗಬೇಕಿತ್ತು. ಬಿ.ಎ., ಬಿ.ಎಡ್. ಮುಗಿಸಿ ನಾಲ್ಕು ವರ್ಷ ಆ ಮನೆಯಲ್ಲೇ ಇದ್ದವಳು ನಾನು. ಬಸ್ ಸ್ಟ್ಯಾಂಡ್ ಹತ್ತಿರ ಅಪ್ಪನದು ಸೈಕಲ್, ಮೋಟಾರು ಪಂಚರಿನ ಅಂಗಡಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಅವ್ವ, ನಾನು ಇಬ್ಬರೂ ಕೈಬಿಡುವಿಲ್ಲದೆ ದುಡಿಯುತ್ತಿದ್ದೆವು. ಆದರೂ ಯಾರಾದರೂ ಕೇಳಿದರೆ ಅಪ್ಪ, “ಮಗಳು ಖಾಲಿ ಅದಾಳ್ರಿ” ಎನ್ನುತ್ತಿದ್ದ. ಶಹಾಪುರದ ಈ ಕುರ್ಚಿ ಸಿಕ್ಕ ದಿನ ಅದೇ ಅಪ್ಪ ಪಂಚರು ಹಾಕಿಸಿಕೊಳ್ಳಲು ಬಂದವರಿಗೆಲ್ಲ, “ನಮ್ಮಾಕಿ ನೌಕರಿಗಿ ಹತ್ಯಾಳ” ಎಂದು ಹೇಳಿದ. ತನ್ನ ಅಂಗಡಿಯ ದುಡಿಮೆಯನ್ನು ಅವನು ಒಂದು ದಿನವೂ ನೌಕರಿ ಎಂದವನಲ್ಲ, ಅದು ಕೆಲಸ. ಕೆಲಸ ಎಂದರೇನು, ನೌಕರಿ ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೂರನೆಯ ವಾರದ ಸೋಮವಾರ ಕುರ್ಚಿಯಲ್ಲಿ ಕೂತು ಮೊದಲ ನಂಬರು ಒತ್ತಿದೆ. “ಕೆಲಸಕ್ಕ ಹೋಗಾಕತ್ತೀಯೇನವಾ?” ಎಂದು ಕೇಳಿದೆ. ಆ ಕಡೆಯಿಂದ, “ಹೌದ್ರಿ ಅಕ್ಕೋರ, ಹೋಗಾಕತ್ತೇನಿ” ಎಂದು ಬಂತು.

ಹೋಗದೆ ಏನು ಮಾಡುತ್ತಾರೆ? ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರದ ಕಡೆ ಹೊಲದ ಕೆಲಸಕ್ಕೆ ಪುರಸೊತ್ತೇ ಇಲ್ಲ. ಭತ್ತದ ನಾಟಿ, ಹತ್ತಿ ಬಿಡಿಸುವುದು, ಮೆಣಸಿನಕಾಯಿ. ಎಲ್ಲರೂ ಕೆಲಸಕ್ಕೆ ಹೋಗುತ್ತಿದ್ದರು. ಅವರು ಸುಳ್ಳು ಹೇಳಲಿಲ್ಲ. ನಾನು ‘ಹೌದು’ ಎಂದು ಒತ್ತಿದೆ. ಸಾಲು ಹಸಿರಾಯಿತು.

ಇನ್ನೊಂದು ಪ್ರಶ್ನೆ ಇತ್ತು: ‘ತರಬೇತಿ ಪಡೆದ ವೃತ್ತಿಯಲ್ಲೇ ಇದ್ದೀರಾ?’ ಅದಕ್ಕೂ ನಾನು ದಾರಿ ಕಂಡುಕೊಂಡೆ. “ಆರೈಕಿ ಮಾಡಾಕತ್ತೀಯಲ್ಲ?” ಎಂದು ಕೇಳುತ್ತಿದ್ದೆ. ಮನೆಯಲ್ಲಿ ಮುದುಕರೋ ಕೂಸೋ ಇಲ್ಲದ ಹೆಂಗಸು ಯಾರಿದ್ದಾಳೆ? “ಹೌದ್ರಿ.” ಎರಡೂ ಖರೇ ಮಾತು. ಎರಡನ್ನೂ ಜೋಡಿಸಿ ಒಂದು ಸುಳ್ಳು ಮಾಡಿದವಳು ನಾನು. ತಿಂಗಳ ಕೊನೆಗೆ ಮುಖ್ಯಸ್ಥರು ಹಸಿರು ಸಾಲುಗಳನ್ನು ನೋಡಿ ಏನೂ ಕೇಳಲಿಲ್ಲ. ಆ ದಿನವೂ ಚಹಾ ಹೇಳಿದರು.

ಈಗ ಅವಳ ವಿಷಯ.

ಅವಳು ರಂಗಂಪೇಟೆಯವಳು. ಇಪ್ಪತ್ತಾರು, ಇಪ್ಪತ್ತೇಳು ಇರಬಹುದು. ಏಳನೆಯ ತರಗತಿಯವರೆಗೆ ಓದಿದ್ದಳು. ಗಂಡ ಲಾರಿಯ ಮೇಲೆ ಹೋಗುತ್ತಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಒಂದು ವರ್ಷದ ಹೆಣ್ಣುಕೂಸು, ಲಕ್ವ ಹೊಡೆದು ಮಲಗಿದ್ದ ಅತ್ತೆ. ನೆರೆಮನೆಯವಳ ಕೈಯಲ್ಲಿ ಇಬ್ಬರನ್ನೂ ಬಿಟ್ಟು ದಿನಾ ಸುರಪುರದಿಂದ ಬಸ್ ಹತ್ತಿ ತರಬೇತಿಗೆ ಬರುತ್ತಿದ್ದಳು. ಮೂರು ತಿಂಗಳಲ್ಲಿ ಎರಡು ದಿನ ತಪ್ಪಿಸಿದ್ದಳು. ಹಾಜರಿ ಪುಸ್ತಕ ನಾನೇ ನೋಡುತ್ತಿದ್ದೆ.

ಯಾಕೆ ಬಂದೆ ಎಂದು ಮೊದಲ ದಿನ ಎಲ್ಲರನ್ನೂ ಕೇಳುವ ರೂಢಿ. ಉಳಿದವರು ಸ್ವಂತ ಕಾಲ ಮೇಲೆ ನಿಲ್ಲಬೇಕು ಎಂಬಂಥ ಮಾತು ಹೇಳಿದರು. ಅವಳು ಎದ್ದು ನಿಂತು ಕೈ ತೋರಿಸಿದಳು. “ಮೆಣಸಿನಕಾಯಿ ಬಿಡಿಸಿದ ಕೈಯಿವು. ಎಷ್ಟ ತೊಳದ್ರೂ ಉರಿ ಹೋಗಂಗಿಲ್ರಿ. ನನ್ನ ಕೂಸಿನ ಮಾರಿ ಮುಟ್ಟಿದ್ರ ಅಳತದ. ಸುಗ್ಗಿ ಮುಗಿಯೂತನಕ ನಾ ನನ್ನ ಕೂಸಿನ ಮೂಗು ಒರಸಂಗಿಲ್ಲ. ದವಾಖಾನ್ಯಾಗಿನ ಮಂದಿ ಕೈ ತಣ್ಣಗ ಇರತಾವಲ್ರಿ, ಅದಕ್ಕ ಬಂದೀನಿ.” ಎಲ್ಲರೂ ನಕ್ಕರು. ಅವಳೂ ನಕ್ಕಳು.

ಕಲಿಸುತ್ತಿದ್ದವರು ನಿವೃತ್ತ ನರ್ಸಮ್ಮ. ಮನೆಯಲ್ಲಿ ದಖನಿ ಉರ್ದು ಆಡುವವರು, ನಮ್ಮ ಜೊತೆ ಆಡುವ ಕನ್ನಡದಲ್ಲೂ ಅದು ಅಲ್ಲಲ್ಲಿ ಇಣುಕುತ್ತಿತ್ತು. ಕೇಂದ್ರಕ್ಕೆ ಬರಬೇಕಾಗಿದ್ದ ರಬ್ಬರಿನ ರೋಗಿ ಬಂದೇ ಇರಲಿಲ್ಲ. ನರ್ಸಮ್ಮ ಹಳೆಯ ದುಪ್ಪಟಿಗೆ ಹತ್ತಿ ತುಂಬಿ, ಕೈಕಾಲು ಹೊಲಿದು, ಒಂದಾಳು ಉದ್ದದ ಗೊಂಬೆ ಮಾಡಿಕೊಂಡಿದ್ದರು. ಮಲಗಿದ ರೋಗಿಯನ್ನು ಮಗ್ಗುಲು ತಿರುಗಿಸಿ ಮೈ ಒರೆಸುವುದನ್ನು ಅದರ ಮೇಲೆ ತೋರಿಸುತ್ತಿದ್ದರು. ಒಂದು ದಿನ ರಂಗಂಪೇಟೆಯವಳು ಬೆಂಚಿನಿಂದಲೇ ಕೂಗಿದಳು.

“ಅಮ್ಮಾ, ಮೊದ್ಲ ಚಾದರ ಹೊಚ್ಚರಿ.”

“ಯಾಕಬೇ, ಗೊಂಬಿಗೆ ಥಂಡಿ ಹತ್ತತದೇನು?”

“ಗೊಂಬಿಗಿ ನಾಚಿಕಿ ಇಲ್ರಿ. ಮನಷ್ಯಾರಿಗಿ ಅದ. ನಮ್ಮತ್ತಿ ಮಾತು ಹೋದ್ರೂ ಚಾದರ ತಗದ್ರ ಕಣ್ಣ ಮುಚ್ಚತಾಳ.”

ನರ್ಸಮ್ಮ, “ಬಾ ಬೇಟಿ, ನೀನೇ ತೋರಸು” ಎಂದು ಪಕ್ಕಕ್ಕೆ ಸರಿದರು. ಅವಳು ಬಂದು ಗೊಂಬೆಯ ಮೇಲೆ ಚಾದರ ಹೊದಿಸಿ, ಅದರ ಒಳಗೇ ಕೈ ಹಾಕಿ, ಒಂದು ಮೊಣಕಾಲು ಮಡಿಸಿ, ಭುಜಕ್ಕೂ ಸೊಂಟಕ್ಕೂ ಕೈ ಕೊಟ್ಟು, ಉಸಿರು ಬಿಡುವಷ್ಟರಲ್ಲಿ ಮಗ್ಗುಲು ತಿರುಗಿಸಿದಳು. ನಾನು ಬಾಗಿಲಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದೆ, ನೋಡಿದೆ. ಆಮೇಲೆ ನರ್ಸಮ್ಮ ನನ್ನ ಹತ್ತಿರ ಬಂದು, “ಇಂಥಾಕಿಗೆ ನಾವ್ಯಾನ್ ಕಲಸೂದ್ರಿ? ಇಕೀಗಿ ಕಾಗದ ಒಂದ ಬೇಕಾಗ್ಯದ” ಎಂದರು.

ತರಬೇತಿಯಿಂದ ಏನಾದರೂ ಆಗುತ್ತದೆಯೇ ಎಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ಆಗುವುದೇ ಇಲ್ಲ ಎನ್ನಲಾರೆ. ಅದೇ ತಂಡದ ಗುರುಮಠಕಲ್ ಕಡೆಯ ಹುಡುಗಿಯೊಬ್ಬಳು ಹೈದರಾಬಾದಿನ ಆಸ್ಪತ್ರೆಗೆ ಹೋಗಿ ಅಲ್ಲೇ ನಿಂತಳು. ತೆಲುಗು ಬರುತ್ತಿದ್ದುದು ಅವಳಿಗೆ ನಮ್ಮ ಪ್ರಮಾಣಪತ್ರಕ್ಕಿಂತ ಹೆಚ್ಚು ನೆರವಾಯಿತು ಎಂದು ಅವಳೇ ಹೇಳಿದಳು. ಇನ್ನೊಬ್ಬಳು ಕಲಬುರಗಿಗೆ ಹೋಗಿ ಹದಿನೈದು ದಿನಕ್ಕೆ ವಾಪಸು ಬಂದಳು. ಶಹಾಪುರದ ಒಬ್ಬ ಡಾಕ್ಟರು ತಮ್ಮ ಕ್ಲಿನಿಕ್ಕಿಗೆ ಒಬ್ಬಳನ್ನು ಇಟ್ಟುಕೊಂಡರು, ಆದರೆ ಅವಳು ಅವರ ಸಂಬಂಧಿ. ಕಾಗದ ಇದ್ದವರಿಗೆಲ್ಲ ನೌಕರಿ ಸಿಗಲಿಲ್ಲ. ಕಾಗದ ಇಲ್ಲದಿದ್ದರೆ ಕೇಳಲು ಹೋಗುವ ಧೈರ್ಯವೂ ಅವರಿಗೆ ಇರುತ್ತಿರಲಿಲ್ಲ. ಎರಡನ್ನೂ ನಾನು ಕಂಡಿದ್ದೇನೆ.

ರಂಗಂಪೇಟೆಯವಳಿಗೆ ನಾನು ಫೋನು ಮಾಡಿದ್ದು ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ. ಮಧ್ಯಾಹ್ನ. ಫೋನು ಎತ್ತಿದೊಡನೆ ಗಾಳಿಯ ಸದ್ದು, ಹಿಂದೆ ನಾಲ್ಕಾರು ಹೆಂಗಸರ ಮಾತು, ಯಾರೋ ಸೀನಿದ್ದು ಕೇಳಿತು.

“ಹಲೋ, ಯಾರ್ರಿ?”

“ನಾನವಾ, ಸೆಂಟರಿನ ಅಕ್ಕೋರು.”

“ಅಯ್ಯ, ಅಕ್ಕೋರ! ಆರಾಮದೀರಿ? ನಮ್ಮ ಗೊಂಬಿ ಹ್ಯಾಂಗದ? ಚಾದರ ಹೊಚ್ಚತಾರಿಲ್ಲೋ?”

ಉತ್ತರಕ್ಕೆ ಸಾಕ್ಷಿಯಾಗಿ ಇಡಬೇಕಾಗಿದ್ದ ರೆಕಾರ್ಡಿಂಗಿನ ಗುಂಡಿ ಒತ್ತಿದೆ. “ಕೆಲಸಕ್ಕ ಹೋಗಾಕತ್ತೀಯೇನವಾ?”

ಅವಳು ನಕ್ಕಳು. “ಹೌದ್ರಿ, ಈಗ ಕೆಲಸದಾಗೇ ಅದೀನ್ರಿ.”

“ಆರೈಕಿ ಮಾಡಾಕತ್ತೀಯಲ್ಲ?”

“ಹೌದ್ರಿ, ಅದು ಬಿಡತದೇನ್ರಿ?”

ಗುಂಡಿ ಒತ್ತಿ ನಿಲ್ಲಿಸಿದೆ. ಅವಳಿಗೆ ಅದು ಗೊತ್ತಾಗಲಿಲ್ಲ, ಮಾತು ಮುಂದುವರಿಸಿದಳು. ಅತ್ತೆಯ ಬೆನ್ನಿನ ಹುಣ್ಣು ವಾಸಿಯಾಗಿದೆ, ನರ್ಸಮ್ಮ ಹೇಳಿಕೊಟ್ಟ ಹಾಗೆ ಎರಡು ತಾಸಿಗೊಮ್ಮೆ ತಿರುಗಿಸಲು ನೆರೆಮನೆಯವಳಿಗೂ ಕಲಿಸಿದ್ದೇನೆ ಎಂದಳು. ಕೊನೆಗೆ ದನಿ ತಗ್ಗಿಸಿ ಕೇಳಿದಳು: “ಅಕ್ಕೋರ, ಎಲ್ಲೆರ ನೌಕರಿ ಬಂದ್ರ ನನಗ ಹೇಳ್ರಿ. ಮರೀಬ್ಯಾಡ್ರಿ.”

“ಹೇಳ್ತೀನಿ” ಎಂದೆ. ಫೋನು ಇಟ್ಟು ಎರಡೂ ಕಡೆ ‘ಹೌದು’ ಎಂದು ಒತ್ತಿದೆ. ಅವಳು ನೌಕರಿ ಎಂಬ ಮಾತನ್ನು ತನ್ನ ಬಾಯಿಂದಲೇ ಆಡಿದ್ದಳು. ಹಾಗಾಗಿ ನನಗೆ ಗೊತ್ತಿರಲಿಲ್ಲ ಎಂದು ಹೇಳಲು ದಾರಿಯೇ ಇಲ್ಲ.

ಮಳೆಗಾಲದಲ್ಲಿ ನೌಕರಿ ಬಂತು. ಯಾದಗಿರಿಯಲ್ಲಿ ಹೊಸದಾಗಿ ತೆರೆದ ಖಾಸಗಿ ಆಸ್ಪತ್ರೆಯೊಂದಕ್ಕೆ ವಾರ್ಡಿನಲ್ಲಿ ರೋಗಿಗಳನ್ನು ನೋಡಿಕೊಳ್ಳುವ ನಾಲ್ಕು ಮಂದಿ ಹೆಂಗಸರು ಬೇಕಾಗಿದ್ದರು. ಅಲ್ಲಿಯ ಹಿರಿಯ ನರ್ಸ್ ತಾವೇ ಬಂದು ಪರೀಕ್ಷೆ ಮಾಡಿ ಆರಿಸುವುದಾಗಿ ಹೇಳಿದರು. ಇನ್ನೂ ನೌಕರಿ ಸಿಗದವರ ಪಟ್ಟಿ ಮಾಡಿರಿ ಎಂದು ಮುಖ್ಯಸ್ಥರು ನನಗೆ ಹೇಳಿದರು. ನಾನು ಕಂಪ್ಯೂಟರಿನಿಂದ ಕೆಂಪು ಸಾಲುಗಳನ್ನು ತೆಗೆದೆ. ಕೆಂಪು ಉಳಿದಿದ್ದು ನಾನು ಮೊದಲ ಎರಡು ವಾರ ಕೇಳಿದವರದು. ಅಷ್ಟೇ ಹೆಸರು ಬರೆದು ಕೊಟ್ಟೆ.

ಅವಳ ಹೆಸರು ನೆನಪಾಗಲಿಲ್ಲವೇ ಎಂದರೆ, ಆಯಿತು. ಪಟ್ಟಿ ಬರೆಯುವಾಗಲೇ ಆಯಿತು. ಅವಳೊಬ್ಬಳ ಸಾಲನ್ನು ತಿದ್ದಿದರೆ ಯಾಕೆ ತಿದ್ದಿದಿರಿ ಎಂದು ಕೇಳುತ್ತಾರೆ, ಆಮೇಲೆ ಉಳಿದ ಹಸಿರು ಸಾಲುಗಳನ್ನೂ ಬಿಚ್ಚಿ ನೋಡುತ್ತಾರೆ ಎಂಬುದು ಅದೇ ಗಳಿಗೆಯಲ್ಲಿ ಹೊಳೆಯಿತು. ಪೆನ್ನಿನ ಮುಚ್ಚಳ ಹಾಕಿದೆ.

ಪರೀಕ್ಷೆಯ ದಿನ ಅವಳು ತಾನಾಗಿಯೇ ಬಂದಳು. ಪಟ್ಟಿಯಲ್ಲಿದ್ದ ಸುರಪುರದ ಒಬ್ಬಳು ಅವಳಿಗೆ ಹೇಳಿದ್ದಳು. ತರಬೇತಿಯಲ್ಲಿ ಕೊಟ್ಟ ಬಿಳಿ ಕೋಟನ್ನು ಒಗೆದು, ಇಸ್ತ್ರಿ ಮಾಡಿಸಿ, ಮಡಿಸಿ, ಮಳೆಯಲ್ಲಿ ನೆನೆಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದಳು. ಬಂದವಳೇ ಕೋಟು ಹಾಕಿಕೊಂಡು ಮುಖ್ಯಸ್ಥರ ಮೇಜಿನ ಮುಂದೆ ನಿಂತಳು. ನನ್ನ ಕುರ್ಚಿ ಅಲ್ಲೇ ಪಕ್ಕದಲ್ಲಿತ್ತು.

“ಸರ್, ಲಿಸ್ಟಿನ್ಯಾಗ ನನ್ನ ಹೆಸರ ಯಾಕಿಲ್ರಿ?”

ಮುಖ್ಯಸ್ಥರು ಹುಡುಕಿ ನೋಡಿದರು. “ನೀ ಆಗಲೇ ನೌಕರಿದಾಗ ಅದೀಯಲ್ಲವಾ.”

“ನಾನಾ?” ಅವಳು ಹಿಂದೆ ತಿರುಗಿ, ಬೇರೆ ಯಾರಾದರೂ ಇದ್ದಾರೇನೋ ಎಂಬಂತೆ ನೋಡಿದಳು. “ನನಗ ನೌಕರಿ ಹತ್ತಿದ್ದು ನನಗ ಗೊತ್ತಿಲ್ಲೇನ್ರಿ? ಎಲ್ಲಿ ಅದ ಹೇಳ್ರಿ, ಇವತ್ತ ಹೋಗತೀನಿ.”

ಮುಖ್ಯಸ್ಥರಿಗೂ ನಗು ಬಂತು. ಆದರೆ ಅವರು ದಾಖಲೆ ನಂಬುವ ಮನುಷ್ಯರು. ನನಗೆ ರೆಕಾರ್ಡ್ ಹಚ್ಚಲು ಹೇಳಿದರು. ಹಚ್ಚಿದೆ. ಗಾಳಿಯ ಸದ್ದು, ಹಿಂದೆ ಹೊಲದ ಹೆಂಗಸರ ಮಾತು ಬಂತು. ಆಮೇಲೆ ನನ್ನ ದನಿ, ಅವಳ ನಗು, ಅವಳ ಎರಡು ‘ಹೌದ್ರಿ’.

ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. “ಇನ್ನೊಮ್ಮೆ ಹಚ್ಚರಿ” ಎಂದಳು. ಇನ್ನೊಮ್ಮೆ ಹಚ್ಚಿದೆ. ಮುಗಿದ ಮೇಲೆ ಅವಳು ಮುಖ್ಯಸ್ಥರಿಗಲ್ಲ, ನನಗೆ ಹೇಳಿದಳು.

“ಕೆಲಸ ಅಂದಿದ್ರಿ ಅಕ್ಕೋರ. ನೌಕರಿ ಅಂದಿದ್ದಿಲ್ಲ.”

ಒಳಗಿನ ಕೋಣೆಯಲ್ಲಿ ಪರೀಕ್ಷೆ ಶುರುವಾಗಿತ್ತು. ನರ್ಸಮ್ಮ ಬಾಗಿಲಿಗೆ ಬಂದು ಇವಳನ್ನು ಕಂಡು, “ಅರೆ, ಬಂದೀ? ಸರ್, ಇಕೀನ್ನ ಒಳಗ ಕಳಸ್ರಿ. ಇಕಿ ನಂಬರ್ ಒನ್” ಎಂದರು. ಮುಖ್ಯಸ್ಥರು ಕೈ ಎತ್ತಿ ತಡೆದರು. ನನ್ನ ಕಡೆ ತಿರುಗಿದರು.

“ಈಕಿ ಫೋನಿನ್ಯಾಗ ಮಾತಾಡುವಾಗ ಹೊಲದಾಗ ಇದ್ಲು ಅಂತ ನಿಮಗ ಗೊತ್ತಿತ್ತೇನ್ರಿ?”

ಈ ಪ್ರಶ್ನೆ ನೇರವಾಗಿತ್ತು. ಅದರಲ್ಲಿ ಎರಡು ಅರ್ಥದ ಶಬ್ದ ಯಾವುದೂ ಇರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಸಿಟ್ಟಿನಿಂದಲ್ಲ. ಇನ್ನೇನು ಹೇಳುತ್ತಾರೆ ಎಂದು ಕಾಯುವವರ ಹಾಗೆ.

“ಗೊತ್ತಿರಲಿಲ್ರಿ” ಎಂದೆ.

“ಹಂಗಿದ್ರ ದಾಖಲೆ ಇದ್ದಂಗ ಇರಲಿ” ಎಂದರು ಮುಖ್ಯಸ್ಥರು. “ಒಮ್ಮೆ ನೌಕರಿ ಆಗ್ಯದ ಅಂತ ಮ್ಯಾಲ ಕಳಿಸಿದವರನ್ನ ಮತ್ತ ಕಳಸಾಕ ಬರಂಗಿಲ್ಲವಾ. ನನ್ನ ಕೈಯಾಗಿಲ್ಲ.”

ಅವಳು ಅಲ್ಲೇ ನಿಂತು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಮತ್ತೆ ಮೊದಲಿನ ಗೆರೆಗೇ ಮಡಿಸಿ, ಚೀಲದಲ್ಲಿ ಇಟ್ಟಳು. “ಬರತೀನ್ರಿ” ಎಂದು ಹೋದಳು. ಒಳಗಿನಿಂದ ನಾಲ್ಕು ಮಂದಿ ಆಯ್ಕೆಯಾಗಿ ಹೊರಗೆ ಬಂದರು. ಅವರಲ್ಲಿ ಇಬ್ಬರು ಗೊಂಬೆಯನ್ನು ತಿರುಗಿಸುವಾಗ ಚಾದರ ಜಾರಿಸಿದರು ಎಂದು ನರ್ಸಮ್ಮ ಆಮೇಲೆ ಹೇಳಿದರು. ಅಷ್ಟು ಹೇಳಿ, ಹೋಗುವಾಗ ನನ್ನ ಮೇಜಿನ ಮುಂದೆ ನಿಂತು, “ಕಾಮ್ ಬ್ಯಾರೆ, ನೌಕರಿ ಬ್ಯಾರೆ. ಇದು ನಮ್ಮ ಮನ್ಯಾಗಿನ ಸಣ್ಣ ಹುಡುಗರಿಗೂ ಗೊತ್ತದ್ರಿ” ಎಂದರು. ಮರುದಿನದಿಂದ ನನ್ನ ಜೊತೆ ಊಟಕ್ಕೆ ಕೂಡಲಿಲ್ಲ.

ನಾನು ರಂಗಂಪೇಟೆಗೆ ಹೋದದ್ದು ಅದಾಗಿ ಎರಡು ತಿಂಗಳಿಗೆ. ಎರಡು ತಿಂಗಳು ಯಾಕೆ ಬೇಕಾಯಿತು ಎಂಬುದಕ್ಕೆ ಒಳ್ಳೆಯ ಕಾರಣವಿಲ್ಲ. ಒಂದು ಭಾನುವಾರ ಬಸ್ಸಿನಿಂದ ಇಳಿದು, ಕೇಳಿಕೊಂಡು ಮನೆ ಹುಡುಕಿದೆ. ಅವಳು ಅಂಗಳದಲ್ಲಿ ಅತ್ತೆಯ ತಲೆ ಬಾಚುತ್ತಿದ್ದಳು. ಕೂಸು ನನ್ನನ್ನು ಕಂಡು ಅವಳ ಸೆರಗಿನ ಹಿಂದೆ ಹೋಯಿತು. ಅವಳು ಚಾಪೆ ಹಾಸಿದಳು, ನೀರು ಕೊಟ್ಟಳು. ಈ ಕಡೆ ವೈರಿ ಬಂದರೂ ನೀರು ಕೊಡದೆ ಮಾತು ಶುರುಮಾಡುವುದಿಲ್ಲ.

ನಾನು ಎಲ್ಲ ಹೇಳಿದೆ. ಶಬ್ದ ಬದಲಿಸಿದ್ದು, ಪಟ್ಟಿ ಬರೆಯುವಾಗ ಪೆನ್ನು ಮುಚ್ಚಿದ್ದು, ಗೊತ್ತಿರಲಿಲ್ಲ ಎಂದದ್ದು. ಅವಳು ಬಾಚಣಿಗೆ ನಿಲ್ಲಿಸದೆ ಕೇಳಿದಳು. ಮುಗಿದ ಮೇಲೆ, “ಇದನ್ನ ನನಗ್ಯಾಕ ಹೇಳಾಕತ್ತೀರಿ ಅಕ್ಕೋರ? ನನಗ ಗೊತ್ತದ. ಹಾಳಿ ಮ್ಯಾಲ ಬರದು ದಸ್ಕತ್ ಮಾಡಿ ಕೊಡ್ರಿ” ಎಂದಳು.

ಚೀಲದಲ್ಲಿ ಹಾಳೆ ಇತ್ತು. ಬರೆದೆ. ಇವರು ಉದ್ಯೋಗದಲ್ಲಿ ಇರಲಿಲ್ಲವೆಂದೂ ತಿಳಿಯದೆ ಆದ ತಪ್ಪಿನಿಂದ ಹಾಗೆ ದಾಖಲಾಗಿದೆಯೆಂದೂ ಬರೆದು ಅವಳ ಕೈಗೆ ಕೊಟ್ಟೆ. ಅವಳು ಬೆರಳಿಟ್ಟು ನಿಧಾನವಾಗಿ ಓದಿದಳು. ಒಂದು ಕಡೆ ಬೆರಳು ನಿಂತಿತು.

“ತಿಳೀದೆ ಅಂತ ಬರದೀರಿ. ತಿಳೀದೆ ಆಗಿದ್ದಲ್ಲಲ್ರಿ ಇದು.”

ನಾನು ಹಾಳೆ ವಾಪಸು ತೆಗೆದುಕೊಂಡೆ.

“ತಿಳೀದೆ ಅಂತ ಬರದ್ರ ಅದು ನನ್ನ ಮ್ಯಾಲ ಬರತದ. ಹಳ್ಳಿಯಾಕಿ, ಕೇಳಿದ್ದೊಂದು ಹೇಳಿದ್ದೊಂದು ಅಂತಾರ. ನಾ ಕೇಳಿದ್ದಕ್ಕ ಸರಿ ಹೇಳೀನಿ. ಹ್ಯಾಂಗ ಆಯ್ತೋ ಹಂಗ ಬರೀರಿ.”

ಆ ಹಾಳೆ ಹರಿದು ಇನ್ನೊಂದರ ಮೇಲೆ ಬರೆದೆ. ‘ಇವರು ಕೂಲಿಗೆ ಹೋಗುತ್ತಿದ್ದಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಉದ್ಯೋಗದಲ್ಲಿದ್ದಾರೆಂದು ತುಂಬಿದೆ.’ ನನ್ನ ಜೀವನದಲ್ಲಿ ಅಷ್ಟು ಚಿಕ್ಕದನ್ನು ಬರೆಯಲು ಅಷ್ಟು ಹೊತ್ತು ಹಿಡಿದದ್ದು ಬೇರೆ ನೆನಪಿಲ್ಲ. ದಸ್ಕತ್ ಮಾಡಿದೆ. ಅದರ ನಕಲುಗಳನ್ನು ತಂಡ ಕೊಡುವ ಯಾದಗಿರಿಯ ಕಚೇರಿಗೂ ಆ ಆಸ್ಪತ್ರೆಗೂ ನಾನೇ ಕೊಟ್ಟು ಬಂದೆ. ಮುಖ್ಯಸ್ಥರ ಮೇಜಿನ ಮೇಲೂ ಒಂದು ಇಟ್ಟೆ. ಅವರು ಓದಿ ಕನ್ನಡಕ ತೆಗೆದು, “ಇದು ನನಗರ ಗೊತ್ತಿದ್ದಿಲ್ಲೇನು?” ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ.

ಆಸ್ಪತ್ರೆಯ ಹಿರಿಯ ನರ್ಸ್ ನನಗೆ ಫೋನು ಮಾಡಿ ಹೌದೇ ಎಂದು ವಿಚಾರಿಸಿದರು. ಹೌದು ಎಂದೆ, ಅವಳ ಕೈ ಎಂಥದ್ದು ಎಂದೂ ಹೇಳಿದೆ. ಜಾಗ ತುಂಬಿವೆ, ಖಾಲಿಯಾದಾಗ ನೋಡೋಣ ಎಂದರು. ಖಾಲಿಯಾಗಲಿಲ್ಲ, ಅಥವಾ ಆದದ್ದು ನಮಗೆ ತಿಳಿಯಲಿಲ್ಲ. ಕೇಂದ್ರಕ್ಕೆ ಮುಂದಿನ ತಂಡ ಬರಲಿಲ್ಲ. ಅದು ನನ್ನ ಹಾಳೆಯಿಂದಲೋ ಬೇರೆ ಕಾರಣಕ್ಕೋ ಯಾರೂ ಹೇಳಲಿಲ್ಲ. ನಾನು ಈಗ ವಡಗೇರಾದ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ.

ವರ್ಷವಾದ ಮೇಲೆ ಒಂದು ದಿನ ಅವಳ ಫೋನು ಬಂತು.

“ಅಕ್ಕೋರ, ನನ್ನ ಮೊಬೈಲಿಗಿ ಮೆಸೇಜ್ ಬಂದದ. ನಿಮ್ಮ ದಾಖಲೆ ತಿದ್ದೇವಿ ಅಂತ ಅದ.”

ನನ್ನ ಎದೆ ಹಗುರವಾಯಿತು ಎಂದು ಬರೆಯಬಹುದಿತ್ತು, ಅವಳು ಅಷ್ಟಕ್ಕೇ ನಿಲ್ಲಿಸಿದ್ದರೆ.

“ತಿದ್ದಿ, ನೀವು ನಿರುದ್ಯೋಗಿ ಇದ್ದೀರಿ, ತರಬೇತಿಗೆ ಬರಬಹುದು ಅಂದಾರ. ಸುರಪುರದಾಗ ಹೊಸ ಸೆಂಟರ್ ಆಗ್ಯದಂತ. ಅದ ರೋಗಿ ಆರೈಕಿ, ಅದ ಮೂರು ತಿಂಗಳು. ಹೋಗಲೇನ್ರಿ?”

“ನೀ ಎಲ್ಲ ಕಲ್ತೀಯಲ್ಲವಾ” ಎಂದೆ.

“ಅದು ನನಗೂ ಗೊತ್ತದ್ರಿ. ಹೋದ್ರ ನೌಕರಿ ಸಿಗತದೋ ಇಲ್ಲೋ, ಅದು ಹೇಳ್ರಿ. ನೀವು ಒಳಗ ಇದ್ದವರು.”

ಹೌದು ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. “ನನಗ ಗೊತ್ತಿಲ್ಲವಾ” ಎಂದೆ. ಈ ಸಲ ಅದು ಖರೇ ಇತ್ತು, ಆದರೆ ಅವಳಿಗೆ ಅದರಿಂದ ಏನೂ ಉಪಯೋಗವಿರಲಿಲ್ಲ.

“ಮೆಣಸಿನಕಾಯಿ ಮತ್ತ ಚಾಲೂ ಆಗತಾವ” ಎಂದಳು. ಆಮೇಲೆ, “ಸೋಮವಾರ ಹೋಗತೀನಿ. ನೀವೂ ಬರ್ರಿ” ಎಂದಳು.

ಶಾಲೆಗೆ ರಜೆ ಹಾಕಿ ಹೋದೆ. ಸುರಪುರದ ಹೊಸ ಕೇಂದ್ರ ಒಂದು ಮಹಡಿ ಮೇಲಿನ ಹಾಲು. ಇಪ್ಪತ್ತು ಮೂವತ್ತು ಹೆಣ್ಣುಮಕ್ಕಳು ಆಗಲೇ ಕೂತಿದ್ದರು. ಬಾಗಿಲ ಹತ್ತಿರ ಒಬ್ಬ ಗುಮಾಸ್ತ ಹೆಸರು ಬರೆದುಕೊಳ್ಳುತ್ತಿದ್ದ. ನಾನು ಹೊರಗೆ ಮೆಟ್ಟಿಲ ಮೇಲೆ ನಿಂತೆ. ಅವಳ ಸರದಿ ಬಂತು.

“ಈ ಟ್ರೇನಿಂಗ್ ಮೊದ್ಲ ತಗೊಂಡೀರೇನು?”

“ತಗೊಂಡೀನ್ರಿ.”

“ಮತ್ತ್ಯಾಕ ಬಂದೀರಿ? ಪಾಸಾಗಿಲ್ಲೇನು?”

“ಪಾಸಾಗೀನ್ರಿ. ನನ್ನಷ್ಟು ಚೊಲೋ ಯಾರೂ ಆಗಿಲ್ಲ. ಯಾಕ ಬಂದೀನಿ ಅಂತ ಅಲ್ಲಿ ನಿಂತಾರ ನೋಡ್ರಿ, ಆ ಅಕ್ಕೋರನ್ನ ಕೇಳ್ರಿ.”

ಹಾಲಿನ ತುಂಬ ತಲೆಗಳು ನನ್ನ ಕಡೆ ತಿರುಗಿದವು. ಗುಮಾಸ್ತ ಕರೆದ. ಒಳಗೆ ಹೋದೆ. ಆ ಹೆಣ್ಣುಮಕ್ಕಳೆಲ್ಲರ ಮುಂದೆ, ಎಲ್ಲಿ ಕೂತು ಏನು ಕೇಳಿದೆ, ಇವಳು ಏನು ಹೇಳಿದಳು, ನಾನು ಏನು ತುಂಬಿದೆ, ಮೇಜಿನ ಮುಂದೆ ನಿಂತಾಗ ಯಾವ ಸುಳ್ಳು ಹೇಳಿದೆ ಎಂದು ಒಂದೊಂದಾಗಿ ಹೇಳಿದೆ. ಮುಂದಿನ ಸಾಲಿನ ಒಬ್ಬಳು ಪಕ್ಕದವಳಿಗೆ, “ನಮಗೂ ಹಿಂಗ ಫೋನ್ ಬರತಾವೇನಬೇ?” ಎಂದು ಪಿಸುಗುಟ್ಟಿದ್ದು ಕೇಳಿತು. ರಂಗಂಪೇಟೆಯವಳು ನನ್ನನ್ನು ನೋಡಲಿಲ್ಲ. ಗುಮಾಸ್ತನ ಪುಸ್ತಕವನ್ನೇ ನೋಡುತ್ತಿದ್ದಳು.

ಗುಮಾಸ್ತ ಪೆನ್ನಿನಿಂದ ತಲೆ ಕೆರೆದುಕೊಂಡ. “ಆತ್ರಿ. ಆದ್ರ ಇದನ್ನ ನಾ ಯಾವ ಕಾಲಮಿನ್ಯಾಗ ಬರೀಲಿ? ಹೊಸಬರು ಅಂತ ಒಂದದ, ಬಿಟ್ಟು ಹೋದವರು ಅಂತ ಒಂದದ.”

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು.

“ಹೊಸಾಕಿ ಅಂತ ಬರ್ಕೋರಿ.”

ಅವನು ಬರೆದುಕೊಂಡ. ಅವಳು ಹೋಗಿ ಹಿಂದಿನ ಸಾಲಿನಲ್ಲಿ ಜಾಗ ಮಾಡಿಕೊಂಡು ಕೂತಳು.